ಜನ ಮಾಸ್ಕ್ ಹಾಕಿದ್ದು ದಂಡಕ್ಕೆ ಹೆದರಿಯೇ? ಅಂಗಡಿ ಬೀದಿ ಕಂಡ ಕೋವಿಡ್ ಲೆಕ್ಕ

2025ರಲ್ಲಿ ಎರಡು ಸಲ ಹಳೇ ಮಾತು ಮತ್ತೆ ಕೇಳಿಬಂತು. ಜನವರಿ ಮೊದಲ ವಾರ ಬೆಂಗಳೂರಿನಲ್ಲಿ ಇಬ್ಬರು ಹಸುಗೂಸುಗಳಿಗೆ ಎಚ್‌ಎಂಪಿವಿ ಸೋಂಕು ಇದೆ ಅಂತ ಸುದ್ದಿಯಾದಾಗ ಒಂದು ಸಲ, ಮೇ ತಿಂಗಳಲ್ಲಿ ಕೋವಿಡ್ ಪ್ರಕರಣಗಳು ತುಸು ಏರಿದಾಗ ಇನ್ನೊಂದು ಸಲ. ಎರಡೂ ಸಲ ಆರೋಗ್ಯ ಇಲಾಖೆಯಿಂದ ಸಲಹೆ ಬಂತು: ಜನ ಸೇರುವ ಕಡೆ ಮಾಸ್ಕ್ ಹಾಕಿ, ಕೈ ತೊಳೆಯಿರಿ. ಶಾಲೆ ಶುರುವಾಗುವ ಹೊತ್ತಿಗೆ, ಜ್ವರ ಕೆಮ್ಮು ನೆಗಡಿ ಇರುವ ಮಕ್ಕಳನ್ನು ಕಳಿಸಬೇಡಿ ಎಂಬ ಸುತ್ತೋಲೆಯೂ ಬಂತು. ದಂಡದ ಮಾತಿಲ್ಲ, ಲಾಠಿಯಿಲ್ಲ. ಬಸ್ ಸ್ಟ್ಯಾಂಡ್, ಸಂತೆ, ಬಟ್ಟೆ ಅಂಗಡಿ ಎಲ್ಲಿ ನೋಡಿದರೂ ಮಾಸ್ಕ್ ಹಾಕಿದವರು ಬೆರಳೆಣಿಕೆ.

ಚಹಾ ಅಂಗಡಿ ಮುಂದೆ ಇದಕ್ಕೆ ಎರಡು ತೀರ್ಪು ರೆಡಿ ಇರುತ್ತವೆ. ‘ಈ ಜನಕ್ಕೆ ದಂಡ ಹಾಕದೆ ಬುದ್ಧಿ ಬರಲ್ಲ’ ಅನ್ನೋದು ಒಂದು. ‘ಅವತ್ತೂ ಎಲ್ಲ ಸುಮ್ನೆ ಹೆದರಿಸಿದ್ದು’ ಅನ್ನೋದು ಇನ್ನೊಂದು. ಎರಡನೆಯದಕ್ಕೆ ಉತ್ತರ ಬೇಕಿಲ್ಲ. 2021ರ ಏಪ್ರಿಲ್–ಮೇ ತಿಂಗಳಲ್ಲಿ ಮನೆಯವರನ್ನು ಕಳಕೊಂಡವರು ಪ್ರತಿ ಬೀದಿಯಲ್ಲೂ ಇದ್ದಾರೆ. ಮೊದಲನೆಯದನ್ನು ಮಾತ್ರ ಸ್ವಲ್ಪ ಕೂತು ನೋಡಬೇಕು. ಯಾಕಂದ್ರೆ ಮುಂದಿನ ಸಲ ಇಂಥದ್ದೇ ಏನಾದರೂ ಬಂದರೆ ತಾಲ್ಲೂಕು ಆಡಳಿತ ಮೊದಲು ಕೈ ಹಾಕೋದು ರಸೀದಿ ಪುಸ್ತಕಕ್ಕೇ. ದಂಡವೇ ಜನರನ್ನು ದಾರಿಗೆ ತಂದಿದ್ದು ಹೌದಾ?

ಇಲಿ ಬಿತ್ತು ಅಂದ್ರೆ ಊರು ಖಾಲಿ

ಈ ಪ್ರಶ್ನೆ ಕೋವಿಡ್‌ಗಿಂತ ಹಳೆಯದು. ಹಿರಿಯರ ಬಾಯಲ್ಲಿ ಇನ್ನೂ ಉಳಿದಿರುವ ಒಂದು ಮಾತಿದೆ: ‘ಇಲಿ ಬಿತ್ತು.’ ಅಟ್ಟದಿಂದಲೋ ಸೂರಿನಿಂದಲೋ ಇಲಿ ಸತ್ತು ಬಿದ್ದರೆ ಊರಿಗೆ ಪ್ಲೇಗ್ ಬಂತು ಅಂತ ಅರ್ಥ. 1896ರಲ್ಲಿ ಮುಂಬೈಯಲ್ಲಿ ಕಾಣಿಸಿಕೊಂಡ ಪ್ಲೇಗ್ 1898ರ ಆಗಸ್ಟ್‌ನಲ್ಲಿ ಬೆಂಗಳೂರು ಮುಟ್ಟಿತು. ಆಮೇಲೆ ಎಷ್ಟೋ ವರ್ಷ ಹಳೇ ಮೈಸೂರು ಕಡೆಯ, ಹುಬ್ಬಳ್ಳಿ–ಧಾರವಾಡ ಕಡೆಯ ಊರುಗಳಿಗೆ ಬಂದು ಹೋಗಿ ಮಾಡುತ್ತಿತ್ತು.

ಆಗಿನ ಸರ್ಕಾರ ಮಾಡಿದ್ದು ಬಲವಂತದ ಕ್ರಮ. 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. 2020ರಲ್ಲಿ ಲಾಕ್‌ಡೌನ್ ಆದಾಗಲೂ ಕೈಗೆ ಸಿಕ್ಕಿದ್ದು ಅದೇ ಕಾಯ್ದೆ. ಮನೆಗೆ ನುಗ್ಗಿ ಹುಡುಕುವುದು, ರೋಗಿಯನ್ನು ಎಳೆದು ಶಿಬಿರಕ್ಕೆ ಹಾಕುವುದು, ಮನೆಯ ಸಾಮಾನು ಸುಡುವುದು ನಡೆಯಿತು. ಪುಣೆಯಲ್ಲಿ ಈ ಸಿಟ್ಟು ಎಲ್ಲಿಗೆ ಹೋಯಿತು ಅಂದರೆ, 1897ರ ಜೂನ್ 22ರಂದು ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ಎಷ್ಟೋ ಕಡೆ ಜನ ಜ್ವರ ಬಂದವರನ್ನು ಒಳಕೋಣೆಯಲ್ಲಿ ಬಚ್ಚಿಟ್ಟರು. ಸತ್ತರೆ ರಾತ್ರೋರಾತ್ರಿ ಸಾಗಿಸಿದರು.

ಆದರೆ ಹಳ್ಳಿಗಳಲ್ಲಿ ಅದೇ ಜನ ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದರು, ಅದೂ ಯಾರೂ ಹೇಳದೆ. ಇಲಿ ಬಿದ್ದ ಸುದ್ದಿ ಸಿಕ್ಕಿದ್ದೇ ತಡ, ದವಸ, ಪಾತ್ರೆ, ದನ ಕರು ಎಲ್ಲ ಹೊಡಕೊಂಡು ಊರ ಹೊರಗೆ ಹೊಲದಲ್ಲಿ ಗುಡಿಸಲು ಹಾಕಿ ತಿಂಗಳುಗಟ್ಟಲೆ ಇರುತ್ತಿದ್ದರು. ಮಳೆ ಚಳಿಯಲ್ಲಿ ಹೊಲದಲ್ಲಿ ಮಲಗುವುದು ಸಣ್ಣ ತ್ರಾಸಲ್ಲ. ಮಾಸ್ಕ್ ಹಾಕೋದಕ್ಕಿಂತ ನೂರು ಪಾಲು ಕಷ್ಟ. ಆದರೂ ಊರಿಗೆ ಊರೇ ಎದ್ದು ಹೋಗುತ್ತಿತ್ತು.

ಶಿಬಿರ ಅಂದರೆ ಬಚ್ಚಿಟ್ಟುಕೊಳ್ಳುವ ಜನ, ಇಲಿ ಬಿದ್ದರೆ ಮನೆಯನ್ನೇ ಬಿಟ್ಟು ಹೋಗುತ್ತಾರೆ. ಇವರಿಗೆ ‘ತಿಳಿವಳಿಕೆ ಇಲ್ಲ’ ಅನ್ನಲು ಬರುವುದಿಲ್ಲ. ಇಲಿ ಅವರ ಕಣ್ಣ ಮುಂದೆ ಬಿದ್ದಿತ್ತು, ಅದು ಸುಳ್ಳು ಹೇಳುವುದಿಲ್ಲ. ಪಕ್ಕದ ಮನೆಯವರೂ ಹೊರಟಿದ್ದರು. ಹೊಲದಲ್ಲಿ ಬದುಕು ಹೇಗೋ ನಡೆಯುತ್ತಿತ್ತು.

ಮಲೆನಾಡಿನವರಿಗೆ ಇದು ಹೊಸ ವಿಷಯವಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಕಡೆ ಗುರುತಿಸಿದ ಮಂಗನ ಕಾಯಿಲೆ ಇವತ್ತಿಗೂ ಇದೆ. ಇಲಾಖೆ ಉಣುಗು ಕಚ್ಚದಿರಲಿ ಅಂತ ಡೆಪಾ ತೈಲ ಹಂಚುತ್ತದೆ. ಅದನ್ನು ಹಚ್ಚಿಕೊಳ್ಳಿ ಅಂತ ಎಷ್ಟು ಭಾಷಣ ಮಾಡಿದರೂ ಬಾಟಲಿ ಮಾಡಿನಲ್ಲೇ ಉಳಿಯುವುದುಂಟು. ತೋಟದ ಹಿಂದಿನ ಕಾಡಲ್ಲಿ ಮಂಗ ಸತ್ತು ಬಿದ್ದಿದೆ ಅಂದ ಮರುದಿನ ಆ ಬಾಟಲಿ ಕೆಳಗಿಳಿಯುತ್ತದೆ.

ಆದೇಶಕ್ಕಿಂತ ಮೊದಲೇ ಗಿರಾಕಿ ನಾಪತ್ತೆ

ಈಗ ಕೋವಿಡ್‌ಗೆ ಬರೋಣ. ದೇಶದ ಮೊದಲ ಕೋವಿಡ್ ಸಾವು ಆಗಿದ್ದು ಕಲಬುರಗಿಯ 76 ವರ್ಷದ ಹಿರಿಯರದ್ದು, 2020ರ ಮಾರ್ಚ್ 10ರಂದು. ಎರಡು ದಿನದ ಮೇಲೆ ಅದು ಕೋವಿಡ್ ಅಂತ ಖಾತ್ರಿಯಾಯಿತು. ಮಾರ್ಚ್ 24ರ ರಾತ್ರಿ 8 ಗಂಟೆಗೆ ಲಾಕ್‌ಡೌನ್ ಘೋಷಣೆ, 12 ಗಂಟೆಯಿಂದಲೇ ಜಾರಿ. ನಾಲ್ಕು ತಾಸಿನಲ್ಲಿ ಎಲ್ಲ ಬಂದ್ ಆದ ದೇಶದಲ್ಲಿ, ಜನ ಭಯದಿಂದ ಎಷ್ಟು ಮನೆಯಲ್ಲಿ ಕೂತರು, ಲಾಠಿಯಿಂದ ಎಷ್ಟು ಕೂತರು ಅಂತ ಬೇರೆ ಬೇರೆ ಮಾಡಿ ಹೇಳುವುದು ಕಷ್ಟ. ಎರಡೂ ಒಂದೇ ರಾತ್ರಿ ಬಂದವು.

ಈ ಲೆಕ್ಕ ಬಿಡಿಸಲು ಸಾಧ್ಯವಾಗಿದ್ದು ಬೇರೆ ದೇಶಗಳಲ್ಲಿ. ಷಿಕಾಗೊ ವಿಶ್ವವಿದ್ಯಾಲಯದ ಆರ್ಥಿಕ ತಜ್ಞರಾದ ಆಸ್ಟನ್ ಗೂಲ್ಸ್‌ಬೀ ಮತ್ತು ಚಾಡ್ ಸೈವರ್ಸನ್ ಅಮೆರಿಕದ 22 ಲಕ್ಷಕ್ಕೂ ಹೆಚ್ಚು ಅಂಗಡಿ, ಹೋಟೆಲ್, ಸಲೂನುಗಳಿಗೆ ಎಷ್ಟು ಗಿರಾಕಿ ಬಂದರು ಅನ್ನೋದನ್ನು ಮೊಬೈಲ್ ಫೋನ್ ಮಾಹಿತಿ ಇಟ್ಟುಕೊಂಡು ಎಣಿಸಿದರು. ಅಲ್ಲಿ ಒಂದೇ ಊರಿನ ಸುತ್ತ ಎರಡು ಆಡಳಿತ ಇರುತ್ತವೆ. ರಸ್ತೆಯ ಈಚೆ ಬದಿ ಬಂದ್, ಆಚೆ ಬದಿ ಓಪನ್ ಅನ್ನುವಂಥ ಜಾಗಗಳು ಸಿಕ್ಕವು. ಎರಡೂ ಬದಿ ಹೋಲಿಸಿದಾಗ ಸಿಕ್ಕ ಅಂಕಿ ಅಂಗಡಿಯವರು ನೆನಪಿಡುವಂಥದ್ದು. ಗಿರಾಕಿಗಳ ಓಡಾಟ ಒಟ್ಟು 60ರಷ್ಟು ಶೇಕಡಾ ಅಂಶ ಕುಸಿದಿತ್ತು. ಅದರಲ್ಲಿ ಸರ್ಕಾರದ ಆದೇಶದ ಪಾಲು ಬರೀ 7. ಉಳಿದದ್ದೆಲ್ಲ ಜನ ತಾವಾಗಿಯೇ ಮನೆಯಲ್ಲಿ ಉಳಿದದ್ದು. ಆದೇಶ ಹಿಂದಕ್ಕೆ ತಗೊಂಡ ಮೇಲೂ ವ್ಯಾಪಾರ ದಡಕ್ಕನೆ ಎದ್ದು ಕೂರಲಿಲ್ಲ; ಏರಿದ್ದೂ ಅಷ್ಟೇ ಸ್ವಲ್ಪ.

ಯುರೋಪಿನಲ್ಲೂ ಹೀಗೇ. ಡೆನ್ಮಾರ್ಕ್ ಎಲ್ಲ ಮುಚ್ಚಿತು, ಪಕ್ಕದ ಸ್ವೀಡನ್ ಹೆಚ್ಚೂ ಕಡಿಮೆ ತೆರೆದೇ ಇಟ್ಟಿತ್ತು. ಬ್ಯಾಂಕ್ ಖಾತೆಗಳ ಲೆಕ್ಕ ನೋಡಿದಾಗ, ಡೆನ್ಮಾರ್ಕಿನಲ್ಲಿ ಜನರ ಖರ್ಚು ಸುಮಾರು ಶೇ 29ರಷ್ಟು ಇಳಿದಿದ್ದರೆ ಮುಚ್ಚದ ಸ್ವೀಡನ್‌ನಲ್ಲೂ ಶೇ 25ರಷ್ಟು ಇಳಿದಿತ್ತು. ಬಂದ್‌ನಿಂದ ಆದ ಹೆಚ್ಚುವರಿ ನಷ್ಟ ನಾಲ್ಕು ಪಾಲು ಮಾತ್ರ.

ಅಮೆರಿಕ, ಸ್ವೀಡನ್ ಕಥೆ ತಾಲ್ಲೂಕಿಗೆ ಯಾಕೆ ಅನ್ನಬಹುದು. 2020ರ ಜೂನ್ 8ರ ಮೇಲೆ ಹೋಟೆಲ್ ಬಾಗಿಲು ತೆಗೆದವರು ಒಮ್ಮೆ ನೆನಪು ಮಾಡಿಕೊಳ್ಳಲಿ. ಸರ್ಕಾರದ ಅಡ್ಡಿ ಇರಲಿಲ್ಲ. ಟೇಬಲ್ ಒರೆಸಿ, ಸ್ಯಾನಿಟೈಸರ್ ಇಟ್ಟು, ಅಡುಗೆ ಭಟ್ಟರನ್ನು ವಾಪಸ್ ಕರೆಸಿ ಕೂತರೆ ಗಿರಾಕಿ ಬಂದು ‘ಎರಡು ಇಡ್ಲಿ ಪಾರ್ಸಲ್’ ಅಂತ ಹೊರಗೇ ನಿಂತ. ಬಟ್ಟೆ ಅಂಗಡಿಯ ಕಥೆಯೂ ಅದೇ. ಅಮೆರಿಕದ ಆ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಇತ್ತು: ಜನ ದೊಡ್ಡ, ಗದ್ದಲದ ಅಂಗಡಿ ಬಿಟ್ಟು ಅದೇ ಸಾಮಾನು ಸಿಗುವ ಸಣ್ಣ, ಖಾಲಿ ಅಂಗಡಿಗೆ ಹೋಗಲು ಶುರು ಮಾಡಿದ್ದರು. ಇಲ್ಲಿಯೂ ಪೇಟೆಯ ದೊಡ್ಡ ಮಳಿಗೆಗಿಂತ ಮನೆ ಮೂಲೆಯ ಕಿರಾಣಿ ಅಂಗಡಿಗೇ ಜನ ಹೋದರು. ಚೀಟಿ ಬರೆದು ಕೊಟ್ಟು, ಫೋನ್ ಮಾಡಿ, ಚೀಲ ಕಟ್ಟಿಡಿ ಅಂತ ಹೇಳಿ ತಗೊಂಡು ಹೋದರು. ಇದನ್ನು ಯಾವ ಸುತ್ತೋಲೆಯೂ ಹೇಳಿಕೊಟ್ಟಿರಲಿಲ್ಲ.

ಅಂದರೆ ಜಾಗ್ರತೆ ಮಾಡೋದು ಜನರ ಸ್ವಭಾವದಲ್ಲಿ ಇಲ್ಲ ಅನ್ನೋ ಮಾತೇ ತಪ್ಪು. ಮಾಡುತ್ತಾರೆ, ಎಷ್ಟೋ ಸಲ ಸರ್ಕಾರಕ್ಕಿಂತ ಮೊದಲೇ ಮಾಡುತ್ತಾರೆ. ವ್ಯಾಪಾರ ನಿಂತದ್ದೂ ಬಹುಪಾಲು ಆ ಭಯದಿಂದಲೇ ಅಂತಾದರೆ, ‘ಲಾಕ್‌ಡೌನ್ ಬೇಡ, ವ್ಯಾಪಾರ ಉಳಿಯುತ್ತೆ’ ಅನ್ನುವ ವಾದವೂ ಅರ್ಧ ಮಾತ್ರ ಸರಿ. ಬೀದಿಯಲ್ಲಿ ರೋಗ ಇದ್ದರೆ ಷಟರ್ ಎತ್ತಿದರೂ ಗಲ್ಲಾ ತುಂಬುವುದಿಲ್ಲ.

ದಂಡ ಏನು ಕಲಿಸಿತು

ದಂಡದ ಚರಿತ್ರೆ ಚಿಕ್ಕದು, ಸ್ವಲ್ಪ ನಗೆ ಬರಿಸುವಂಥದ್ದು. 2020ರ ಮೇ ತಿಂಗಳಲ್ಲಿ ರಾಜ್ಯದಲ್ಲಿ ಮಾಸ್ಕ್ ಇಲ್ಲದಿದ್ದರೆ ದೊಡ್ಡ ನಗರಗಳಲ್ಲಿ 200 ರೂಪಾಯಿ, ಉಳಿದ ಕಡೆ 100 ರೂಪಾಯಿ. ಸೆಪ್ಟೆಂಬರ್ ಕೊನೆಗೆ ಸೋಂಕು ಏರುತ್ತಿದ್ದಾಗ ಅದನ್ನು ಒಮ್ಮೆಲೇ 1,000 ಮತ್ತು 500ಕ್ಕೆ ಏರಿಸಿದರು. ಜನ ರೊಚ್ಚಿಗೆದ್ದರು. ಒಂದು ವಾರದಲ್ಲಿ, ಅಕ್ಟೋಬರ್ 7ಕ್ಕೆ, 250 ಮತ್ತು 100ಕ್ಕೆ ಇಳಿಯಿತು. ಆ ವರ್ಷ ನರೇಗಾ ಕೂಲಿ ದಿನಕ್ಕೆ 275 ರೂಪಾಯಿ. ಹಳ್ಳಿಯಿಂದ ಸಂತೆಗೆ ಬಂದವನೊಬ್ಬ ಮಾಸ್ಕ್ ಮರೆತರೆ ಹೆಚ್ಚೂ ಕಡಿಮೆ ಎರಡು ದಿನದ ಕೂಲಿ ಕಟ್ಟಬೇಕಿತ್ತು.

ದಂಡದಿಂದ ಮಾಸ್ಕ್ ಬಳಕೆ ಹೆಚ್ಚಲೇ ಇಲ್ಲ ಅಂತಲ್ಲ. ಹೆಚ್ಚಿತು, ಸರ್ಕಲ್‌ನಲ್ಲಿ. ಪೊಲೀಸ್ ಕಂಡರೆ ಮೂಗಿಗೆ, ದಾಟಿದರೆ ಗಲ್ಲಕ್ಕೆ. ಬೈಕ್ ಹ್ಯಾಂಡಲ್‌ಗೆ ನೇತು ಹಾಕಿಕೊಂಡ ಒಂದೇ ಮಾಸ್ಕ್ ಮನೆ ಮಂದಿಗೆಲ್ಲ ಸರದಿಯ ಮೇಲೆ. ದಂಡ ಕಲಿಸಿದ್ದು ಪೊಲೀಸರಿಂದ ತಪ್ಪಿಸಿಕೊಳ್ಳುವುದನ್ನು. ರೋಗದ ವಿಷಯ ಅದರಲ್ಲಿ ಎಲ್ಲೋ ಹಿಂದೆ ಬಿತ್ತು.

ಸೀಲ್‌ಡೌನ್ ಇದಕ್ಕಿಂತ ದುಬಾರಿಯಾಯಿತು. ಒಬ್ಬರಿಗೆ ಪಾಸಿಟಿವ್ ಬಂದರೆ ಓಣಿಗೆ ತಗಡು ಬಡಿದು, ಮನೆಗೆ ಪೋಸ್ಟರ್ ಅಂಟಿಸಿ, ಕೈಗೆ ಮುದ್ರೆ ಒತ್ತಿದ ದಿನಗಳವು. ಸೋಂಕಿತರ ಮನೆ ಮುಂದೆ ಸುಮ್ಮಸುಮ್ಮನೆ ಪೋಸ್ಟರ್ ಅಂಟಿಸಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2020ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಆಗಬೇಕಾದ್ದು ಆಗಿತ್ತು. ಓಣಿಯವರ ಶಾಪ ಯಾರಿಗೆ ಬೇಕು? ಅಂಗಡಿ ಇದ್ದವರಿಗಂತೂ ಪೋಸ್ಟರ್ ಅಂದರೆ ತಿಂಗಳ ವ್ಯಾಪಾರ ಹೋದ ಹಾಗೆ. ಜ್ವರ ಬಂದರೂ ಟೆಸ್ಟ್ ಮಾಡಿಸದೆ, ಮೆಡಿಕಲ್ ಶಾಪ್‌ನಲ್ಲಿ ಮಾತ್ರೆ ತಗೊಂಡು ಒಳಗೆ ಮಲಗಿದರು. 1898ರಲ್ಲಿ ಶಿಬಿರಕ್ಕೆ ಹೆದರಿ ಒಳಕೋಣೆಯಲ್ಲಿ ರೋಗಿಯನ್ನು ಬಚ್ಚಿಟ್ಟ ಹಾಗೆಯೇ ಇದು. ಮಧ್ಯೆ 120 ವರ್ಷ ಕಳೆದಿತ್ತು, ಅಷ್ಟೇ.

ಮೇ 2021: ಯಾರೂ ಹೇಳಬೇಕಾಗಲಿಲ್ಲ

ಲಸಿಕೆಯ ವಿಷಯ ನೋಡಿ. 2021ರ ಜನವರಿ 16ಕ್ಕೆ ಆರೋಗ್ಯ ಸಿಬ್ಬಂದಿಗೆ ಶುರುವಾಯಿತು. ಮಾರ್ಚ್ 1ರಿಂದ 60 ದಾಟಿದವರಿಗೆ, ಏಪ್ರಿಲ್ 1ರಿಂದ 45 ದಾಟಿದ ಎಲ್ಲರಿಗೆ. ಆ ಮೊದಲ ವಾರಗಳಲ್ಲಿ ಎಷ್ಟೋ ಆರೋಗ್ಯ ಕೇಂದ್ರಗಳಲ್ಲಿ ಸಿಬ್ಬಂದಿ ಜನರಿಗಾಗಿ ಕಾದು ಕೂತಿದ್ದರು. ‘ಅದು ಹಾಕಿಸ್ಕೊಂಡ್ರೆ ಜ್ವರ ಬರುತ್ತಂತೆ’ ಅಂತ ಶುರುವಾದ ವಾಟ್ಸಾಪ್ ಕಥೆ ಎಲ್ಲೆಲ್ಲಿಗೋ ಹೋಗಿತ್ತು. ಆಶಾ ಕಾರ್ಯಕರ್ತೆ ಬಂದರೆ ಹಿಂಬಾಗಿಲಿಂದ ತೋಟಕ್ಕೆ ಹೋದವರಿದ್ದರು.

ಮೇ ಬಂತು. ಮೇ 2 ಮತ್ತು 3ರ ನಡುವೆ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ 24 ಗಂಟೆಯಲ್ಲಿ 24 ರೋಗಿಗಳು ಸತ್ತರು. ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50 ಸಾವಿರಕ್ಕೂ ಹೆಚ್ಚು ಪ್ರಕರಣ. ಅದಕ್ಕಿಂತ ಹೆಚ್ಚಾಗಿ, ಪ್ರತಿ ಊರಲ್ಲೂ ಗೊತ್ತಿದ್ದವರು, ನಿನ್ನೆ ಮೊನ್ನೆ ಅಂಗಡಿಗೆ ಬಂದು ಹೋದವರು ಹೋದರು. ಲಸಿಕೆ ಕೇಂದ್ರದ ಮುಂದೆ ಬೆಳಗಿನ ಜಾವ ಚಪ್ಪಲಿ, ಕಲ್ಲು ಇಟ್ಟು ಸರದಿ ಹಿಡಿಯುವ ಪರಿಸ್ಥಿತಿ. ಟೋಕನ್‌ಗೆ ಜಗಳ. ಮಾರ್ಚ್‌ನಲ್ಲಿ ಬೇಡ ಅಂದಿದ್ದ ಅದೇ ಲಸಿಕೆ, ಅದೇ ಕೇಂದ್ರ, ಅದೇ ನರ್ಸಮ್ಮ.

ಇಲಿ ಬಿದ್ದಿತ್ತು.

ಕೋವಿಡ್‌ನ ಕಷ್ಟ ಇರೋದೇ ಇಲ್ಲಿ. ಪ್ಲೇಗ್‌ಗೆ ಇಲಿ ಮೊದಲು ಸಾಯುತ್ತದೆ, ಮಂಗನ ಕಾಯಿಲೆಗೆ ಮಂಗ ಮೊದಲು ಸಾಯುತ್ತದೆ. ಮನುಷ್ಯನಿಗೆ ನಾಲ್ಕು ದಿನ ಸಮಯ ಸಿಗುತ್ತದೆ. ಕೋವಿಡ್‌ಗೆ ಅಂಥ ಮುನ್ಸೂಚನೆ ಇರಲಿಲ್ಲ. ಕಣ್ಣಿಗೆ ಕಾಣುವ ಗುರುತು ಅಂದರೆ ಪಕ್ಕದ ಮನೆಯ ಮನುಷ್ಯನೇ ಆಗಬೇಕಿತ್ತು. ಅದು ಕಂಡ ಹೊತ್ತಿಗೆ ಸೋಂಕು ಹತ್ತು ಮನೆ ದಾಟಿ ಆಗಿರುತ್ತಿತ್ತು. ಜನರ ಜಾಗ್ರತೆ ಬಂತು, ತಡವಾಗಿ ಬಂತು.

ಪಕ್ಕದ ಅಂಗಡಿಯವನು ಏನು ಮಾಡ್ತಾನೆ?

ಗುರುತು ಕಾಣದಿದ್ದರೂ ಜನ ಮಾಸ್ಕ್ ಹಾಕಿದ ದೇಶ ಇಲ್ಲದಿಲ್ಲ. ಜಪಾನ್‌ನಲ್ಲಿ 2020ರ ಏಪ್ರಿಲ್‌ನಲ್ಲಿ ತುರ್ತು ಪರಿಸ್ಥಿತಿ ಘೋಷಿಸಿದಾಗ ಮನೆಯಿಂದ ಹೊರಬಂದವರಿಗೆ ದಂಡ ಹಾಕುವ ಅಧಿಕಾರವೇ ಆಗಿನ ಸರ್ಕಾರಕ್ಕೆ ಇರಲಿಲ್ಲ. ಬರೀ ವಿನಂತಿ. ಆದರೂ ಬೀದಿ ಖಾಲಿ, ಮುಖಕ್ಕೆಲ್ಲ ಮಾಸ್ಕ್. ಕಝುಯಾ ನಕಯಾಚಿ ಮತ್ತು ಸಂಗಡಿಗರು ಅಲ್ಲಿನ ಜನರನ್ನು ಸಮೀಕ್ಷೆ ಮಾಡಿ ಮಾಸ್ಕ್‌ಗೆ ಕಾರಣ ಹುಡುಕಿದರು. ತನಗೆ ರೋಗ ಬರುತ್ತದೆ ಅನ್ನೋ ಭಯ, ಬೇರೆಯವರಿಗೆ ಹರಡುತ್ತದೆ ಅನ್ನೋ ಕಾಳಜಿ ಎರಡೂ ಅಷ್ಟಾಗಿ ಲೆಕ್ಕಕ್ಕೆ ಬರಲಿಲ್ಲ. ಎಲ್ಲರೂ ಹಾಕಿದ್ದಾರೆ, ತಾನೂ ಹಾಕಬೇಕು ಅನ್ನೋದೇ ಎಲ್ಲಕ್ಕಿಂತ ದೊಡ್ಡ ಕಾರಣ.

‘ಜಪಾನ್ ಬಿಡಿ, ಅವರ ಶಿಸ್ತೇ ಬೇರೆ’ ಅಂತ ಅನ್ನುವವರಿಗೆ ಬಾಂಗ್ಲಾದೇಶ ಇದೆ. ಅಲ್ಲಿನ ಹಳ್ಳಿ, ಸಂತೆ, ಬಿಸಿಲು ಎಲ್ಲ ಇಲ್ಲಿಯ ಹಾಗೆಯೇ. 2020ರ ನವೆಂಬರ್‌ನಿಂದ 2021ರ ಏಪ್ರಿಲ್‌ವರೆಗೆ 600 ಹಳ್ಳಿಗಳಲ್ಲಿ, ಸುಮಾರು 3.42 ಲಕ್ಷ ವಯಸ್ಕರ ಮೇಲೆ ಅಮೆರಿಕದ ಯೇಲ್, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳ ಸಂಶೋಧಕರು ಸ್ಥಳೀಯ ಸಂಸ್ಥೆಗಳ ಜೊತೆ ಸೇರಿ ಒಂದು ಪ್ರಯೋಗ ಮಾಡಿದರು. ಅರ್ಧದಷ್ಟು ಹಳ್ಳಿಗಳಲ್ಲಿ ಏನೂ ಮಾಡಲಿಲ್ಲ. ಅಲ್ಲಿ ಸರಿಯಾಗಿ ಮಾಸ್ಕ್ ಹಾಕಿದವರು ಶೇ 13. ಉಳಿದ ಕಡೆ ಮನೆ ಬಾಗಿಲಿಗೆ, ಮಾರುಕಟ್ಟೆಗೆ, ಮಸೀದಿಗೆ ಹೋಗಿ ಪುಕ್ಕಟೆ ಮಾಸ್ಕ್ ಕೊಟ್ಟರು. ಊರಿನ ಮುಖಂಡರು, ಇಮಾಮರು ತಾವೇ ಹಾಕಿಕೊಂಡು ತೋರಿಸಿದರು. ಕ್ರಿಕೆಟಿಗ ಶಕೀಬ್ ಅಲ್ ಹಸನ್ ಮಾತಾಡಿದ ವಿಡಿಯೊ ತೋರಿಸಿದರು. ಮುಖ್ಯವಾಗಿ, ಬೀದಿಯಲ್ಲಿ ಒಬ್ಬ ಮನುಷ್ಯ ನಿಂತು, ಮಾಸ್ಕ್ ಇಲ್ಲದವರನ್ನು ಕಂಡರೆ ಬೈಯದೆ, ‘ಅಣ್ಣಾ, ತಗೊಳ್ಳಿ, ಹಾಕ್ಕೊಳ್ಳಿ’ ಅನ್ನುವ ಹಾಗೆ ನೆನಪಿಸುತ್ತಿದ್ದ. ಆ ಹಳ್ಳಿಗಳಲ್ಲಿ ಮಾಸ್ಕ್ ಬಳಕೆ ಶೇ 42ಕ್ಕೆ ಏರಿತು. ಸರ್ಜಿಕಲ್ ಮಾಸ್ಕ್ ಕೊಟ್ಟ ಊರುಗಳಲ್ಲಿ ರೋಗಲಕ್ಷಣ ಇರುವ ಸೋಂಕು ಕಡಿಮೆಯಾಯಿತು, ವಯಸ್ಸಾದವರಲ್ಲಿ ಹೆಚ್ಚು ಕಡಿಮೆಯಾಯಿತು.

ಇನ್ನೂ ಕುತೂಹಲದ ವಿಷಯ ಅಂದ್ರೆ ಯಾವುದು ಕೆಲಸ ಮಾಡಲಿಲ್ಲ ಅನ್ನೋದು. ಮೊಬೈಲ್‌ಗೆ ಮೆಸೇಜ್ ಕಳಿಸಿದ್ದರಿಂದ ಹೆಚ್ಚಿನ ಲಾಭ ಆಗಲಿಲ್ಲ. ಊರಿಗೆ ಹಣದ ಬಹುಮಾನ ಕೊಡ್ತೀವಿ ಅಂದಿದ್ದರಿಂದಲೂ ಆಗಲಿಲ್ಲ. 2020ರಲ್ಲಿ ಯಾರಿಗೆ ಫೋನ್ ಮಾಡಿದರೂ ಮೊದಲು ಕೆಮ್ಮು, ಆಮೇಲೆ ಉಪದೇಶ ಕೇಳಿಸುತ್ತಿದ್ದ ಆ ಕಾಲರ್ ಟ್ಯೂನ್ ಎಷ್ಟು ಜನರಿಗೆ ಮಾಸ್ಕ್ ಹಾಕಿಸಿತು ಅಂತ ಇದರ ಮೇಲೆ ಊಹಿಸಿಕೊಳ್ಳಬಹುದು. ಶೇ 42 ಅಂದರೆ ಅರ್ಧಕ್ಕಿಂತ ಹೆಚ್ಚು ಜನ ಆಗಲೂ ಹಾಕಲಿಲ್ಲ ಅನ್ನೋದೂ ನಿಜ. ಮನುಷ್ಯರ ವಿಷಯದಲ್ಲಿ ನೂರಕ್ಕೆ ನೂರು ಎಲ್ಲಿದೆ?

ತಾಲ್ಲೂಕಿನಲ್ಲಿ ಆ ‘ಬೀದಿಯಲ್ಲಿ ನಿಂತ ಮನುಷ್ಯ’ ಯಾರು? ಪೊಲೀಸ್ ಅಲ್ಲ, ತಹಶೀಲ್ದಾರರೂ ಅಲ್ಲ. ದಿನಕ್ಕೆ ನೂರಿನ್ನೂರು ಮುಖ ನೋಡುವ ಅಂಗಡಿಯವನೇ. ಅಂಗಡಿ ಮುಂದೆ ಹಗ್ಗ ಕಟ್ಟಿದ್ದು, ಸುಣ್ಣದಲ್ಲಿ ವೃತ್ತ ಬರೆದದ್ದು, ಬಕೆಟ್‌ನಲ್ಲಿ ಸೋಪಿನ ನೀರು ಇಟ್ಟಿದ್ದು ಅಂಗಡಿಯವರೇ. ಆದರೆ ಅವರಿಗೊಂದು ಪೇಚು ಇತ್ತು. ‘ಮಾಸ್ಕ್ ಇಲ್ಲದಿದ್ದರೆ ಸಾಮಾನಿಲ್ಲ’ ಅಂತ ಬೋರ್ಡ್ ಹಾಕಿದವನ ಗಿರಾಕಿ ಬೋರ್ಡ್ ಇಲ್ಲದ ಎದುರಿನ ಅಂಗಡಿಗೆ ಹೋಗುತ್ತಾನೆ. ಮೂವತ್ತು ವರ್ಷದ ಖಾತೆ ಗಿರಾಕಿಗೆ ‘ಮೊದಲು ಮಾಸ್ಕ್ ಹಾಕಿ’ ಅನ್ನಲು ಬಾಯಿ ಬರುವುದಿಲ್ಲ. ಹೀಗಾಗಿ ಒಂದೊಂದೇ ಅಂಗಡಿಯ ಒಳ್ಳೆಯತನ ಎರಡು ವಾರದಲ್ಲಿ ಸುಸ್ತಾಗುತ್ತಿತ್ತು.

ಈ ಪೇಚು ಬಿಡಿಸಿಕೊಂಡದ್ದು ಬೀದಿಯವರೆಲ್ಲ ಒಟ್ಟಾಗಿ ಮಾತಾಡಿಕೊಂಡ ಕಡೆ. 2020ರ ಜುಲೈ ಹೊತ್ತಿಗೆ ರಾಜ್ಯದ ಹಲವು ತಾಲ್ಲೂಕು ಕೇಂದ್ರಗಳಲ್ಲಿ ವರ್ತಕರು ಸಭೆ ಸೇರಿ ಮಧ್ಯಾಹ್ನದ ಮೇಲೆ ತಾವಾಗಿಯೇ ಬಾಗಿಲು ಹಾಕಿದರು. ಪತ್ರಿಕೆಗಳಲ್ಲಿ ‘ಸ್ವಯಂಪ್ರೇರಿತ ಬಂದ್’ ಅನ್ನೋ ಶೀರ್ಷಿಕೆ ದಿನಾ ಇರುತ್ತಿತ್ತು. ಮಧ್ಯಾಹ್ನ ಮುಚ್ಚಿದ್ದರಿಂದ ಸೋಂಕು ಎಷ್ಟು ಕಡಿಮೆಯಾಯಿತು ಅನ್ನೋದು ಬೇರೆ ಪ್ರಶ್ನೆ. ಕಡಿಮೆ ಸಮಯದಲ್ಲಿ ಅದೇ ಜನ ಮುಗಿಬಿದ್ದರೆ ಗದ್ದಲ ಹೆಚ್ಚೇ ಆಗುತ್ತದೆ. 2021ರ ಮೇ ತಿಂಗಳಲ್ಲಿ ಬೆಳಗ್ಗೆ 6ರಿಂದ 10ರವರೆಗೆ ಮಾತ್ರ ಅಂಗಡಿ ಅಂತ ಮಾಡಿದಾಗ ಆ ನಾಲ್ಕು ಗಂಟೆಯ ಸಂತೆ ಹೇಗಿತ್ತು ಅಂತ ಎಲ್ಲರೂ ನೋಡಿದ್ದಾರೆ. ಆದರೆ ಒಬ್ಬರು ಮುರಿದರೆ ಎಲ್ಲರೂ ಕೇಳುವ, ಆದೇಶವಿಲ್ಲದ ಒಪ್ಪಂದ ಅಂಗಡಿ ಬೀದಿಯಲ್ಲಿ ಸಾಧ್ಯ ಅಂತ ಆಗ ಗೊತ್ತಾಯಿತು.

ಸ್ವಯಂಪ್ರೇರಣೆಯ ಕರಾಳ ಮುಖ

ಜನ ತಾವಾಗಿ ಮಾಡಿದ್ದೆಲ್ಲ ಒಳ್ಳೆಯದೇ ಅಂತ ಹೇಳಿದರೆ ಸುಳ್ಳಾಗುತ್ತದೆ. 2020ರ ಮಾರ್ಚ್–ಏಪ್ರಿಲ್‌ನಲ್ಲಿ ಊರ ಹೆಬ್ಬಾಗಿಲಿಗೆ ಮುಳ್ಳಿನ ಬೇಲಿ ಹಾಕಿದ್ದೂ ಸ್ವಯಂಪ್ರೇರಿತವೇ. ಬೆಂಗಳೂರು, ಮುಂಬೈಯಿಂದ ವಾಪಸ್ ಬಂದ ಊರಿನದೇ ಮಕ್ಕಳನ್ನು ಒಳಗೆ ಬಿಡಲಿಲ್ಲ. ಒಂದು ಸಮುದಾಯದ ತರಕಾರಿ ವ್ಯಾಪಾರಿಗಳಿಂದ ಏನೂ ಕೊಳ್ಳಬೇಡಿ ಅಂತ ವಾಟ್ಸಾಪ್ ಸಂದೇಶ ಹರಿದಾಡಿದವು, ತಳ್ಳುಗಾಡಿಯವರ ಹೊಟ್ಟೆ ಮೇಲೆ ಹೊಡೆದವು. ಮನೆ ಮನೆ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯರನ್ನು ಕೆಲವು ಕಡೆ ಬೈದು, ತಳ್ಳಿ ಕಳಿಸಿದರು. ರಾಜ್ಯದಲ್ಲಿ ಸುಮಾರು 42 ಸಾವಿರ ಆಶಾಗಳಿದ್ದಾರೆ; ಹಳ್ಳಿಯಲ್ಲಿ ಜನ ನಂಬುವ ಆರೋಗ್ಯದ ಮುಖ ಅಂದರೆ ಅವರೇ. ಗುರುತು ಕಾಣದಾಗ ಜನ ಗುರುತು ಹುಡುಕುತ್ತಾರೆ. ಸರಿಯಾದ್ದು ಸಿಗದಿದ್ದರೆ ಮೈಬಣ್ಣ, ಟೋಪಿ, ಹೊರಗಿನವನು ಅನ್ನೋದೇ ಗುರುತಾಗಿಬಿಡುತ್ತದೆ.

ಇನ್ನು ಎಲ್ಲರಿಗೂ ತಾವಾಗಿ ಜಾಗ್ರತೆ ಮಾಡುವ ಅನುಕೂಲ ಇರಲಿಲ್ಲ. ಸಂಬಳ ಖಾತೆಗೆ ಬೀಳುವವರು ಒಂದು ತಿಂಗಳು ಮನೆಯಲ್ಲಿ ಕೂರಬಹುದಿತ್ತು. ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲ, ಪಾತ್ರೆ ತೊಳೆಯುವ ಹೆಂಗಸು, ಟೆಂಪೋ ಡ್ರೈವರ್ ಕೂರುವ ಹಾಗಿರಲಿಲ್ಲ. ನೂರು ಕೆ.ಜಿ. ಮೂಟೆ ಬೆನ್ನ ಮೇಲಿದ್ದಾಗ ಮೂಗಿನ ಮೇಲೆ ಮಾಸ್ಕ್ ನಿಲ್ಲಿಸಿ ಅನ್ನೋದು ಸುಲಭ, ನಿಲ್ಲಿಸೋದು ಕಷ್ಟ. 2025ರ ಶಾಲಾ ಸುತ್ತೋಲೆಗೂ ಇದೇ ಮಾತು ಅನ್ವಯಿಸುತ್ತದೆ. ಜ್ವರದ ಮಗುವನ್ನು ಮನೆಯಲ್ಲಿ ಉಳಿಸಿಕೊಂಡರೆ ತಾಯಿಯ ಒಂದು ದಿನದ ಕೂಲಿ ಹೋಗುತ್ತದೆ. ಅವಳು ಮಾತ್ರೆ ಕೊಟ್ಟು ಕಳಿಸಿದರೆ ಅದನ್ನು ಅಸಡ್ಡೆ ಅನ್ನುವುದು ಹೇಗೆ?

ನಂಬಿಕೆ ಕರಗಿದ್ದು ಎಲ್ಲಿ

ಜನ ಜಾಗ್ರತೆ ಬಿಟ್ಟಿದ್ದಕ್ಕೂ ಕಾರಣಗಳಿವೆ, ಅವೂ ಕಣ್ಣಿಗೆ ಕಂಡವೇ. 2020ರ ಡಿಸೆಂಬರ್ 23ರಂದು ರಾಜ್ಯದಲ್ಲಿ ರಾತ್ರಿ ಕರ್ಫ್ಯೂ ಅಂತ ಘೋಷಣೆ ಆಯಿತು. ಮರುದಿನ, ಅದು ಜಾರಿಗೆ ಬರುವ ಮೊದಲೇ ವಾಪಸ್. ಅದೇ ತಿಂಗಳ 22 ಮತ್ತು 27ರಂದು ಗ್ರಾಮ ಪಂಚಾಯಿತಿ ಚುನಾವಣೆ. ಪ್ರಚಾರ, ಮೆರವಣಿಗೆ, ಬಾಡೂಟ ಎಲ್ಲ ಮಾಮೂಲು. 2021ರ ಏಪ್ರಿಲ್ 17ಕ್ಕೆ ಬೆಳಗಾವಿ, ಬಸವಕಲ್ಯಾಣ, ಮಸ್ಕಿ ಉಪಚುನಾವಣೆ ನಡೆದಾಗ ಎರಡನೇ ಅಲೆ ಏರುತ್ತಿತ್ತು, ಎಲ್ಲ ಪಕ್ಷದ ಸಭೆಗಳೂ ತುಂಬಿದ್ದವು. 2022ರ ಜನವರಿಯಲ್ಲಿ ಬಿಜೆಪಿ ಸರ್ಕಾರದ ವಾರಾಂತ್ಯ ಕರ್ಫ್ಯೂ ಇದ್ದಾಗಲೇ ಕಾಂಗ್ರೆಸ್‌ನ ಮೇಕೆದಾಟು ಪಾದಯಾತ್ರೆ ಹೊರಟಿತು; ಹೈಕೋರ್ಟ್ ಚಾಟಿ ಬೀಸಿದ ಮೇಲೆ ನಿಂತಿತು. ಹತ್ತು ಜನ ಸೇರಿ ಮದುವೆ ಮಾಡಿದರೆ ಕೇಸು, ಹತ್ತು ಸಾವಿರ ಜನ ಸೇರಿ ಭಾಷಣ ಕೇಳಿದರೆ ಏನೂ ಇಲ್ಲ ಅಂತಾದರೆ ಜನ ಏನು ತಿಳಿಯಬೇಕು? ‘ನಿಜವಾಗಿ ಅಪಾಯ ಇದ್ದಿದ್ದರೆ ಇವರು ಹೀಗೆ ಮಾಡ್ತಿದ್ರಾ’ ಅನ್ನೋ ಪ್ರಶ್ನೆ ಕಟ್ಟೆ ಮೇಲೆ ಕೂತವರಿಗೆ ಬಂದದ್ದರಲ್ಲಿ ತಪ್ಪೇನಿಲ್ಲ. ಬಾಂಗ್ಲಾದೇಶದಲ್ಲಿ ಊರ ಮುಖಂಡರು ಹಾಕಿ ತೋರಿಸಿದರು. ಇಲ್ಲಿ ಮುಖಂಡರು ತೆಗೆದು ತೋರಿಸಿದರು.

2025ರಲ್ಲಿ ಮಾಸ್ಕ್ ಕಾಣದಿದ್ದದ್ದಕ್ಕೆ ಇನ್ನೊಂದು ಸರಳ ಕಾರಣವೂ ಇದೆ. ಹೆಚ್ಚಿನವರು ಲಸಿಕೆ ಹಾಕಿಸಿಕೊಂಡವರು, ಒಮ್ಮೆಯಾದರೂ ಸೋಂಕು ಬಂದು ಹೋದವರು. ಸುತ್ತಮುತ್ತ ಯಾರೂ ಆಸ್ಪತ್ರೆ ಸೇರಲಿಲ್ಲ. ಇಲಿ ಬೀಳದಿದ್ದಾಗ ಜನ ಊರು ಬಿಡಲಿಲ್ಲ, ಅಷ್ಟೇ. ಅದನ್ನು ದಡ್ಡತನ ಅನ್ನಲಾಗದು. ಆದರೆ ಸಕ್ಕರೆ ಕಾಯಿಲೆ, ಉಬ್ಬಸ ಇರುವ ಹಿರಿಯರಿಗೆ, ಬಸುರಿಯರಿಗೆ ಆ ಲೆಕ್ಕ ಬೇರೆ. ಅಂಥವರು ಅಂಗಡಿಗೆ ಮಾಸ್ಕ್ ಹಾಕಿ ಬಂದರೆ ‘ಏನಜ್ಜಾ, ಇನ್ನೂ ಕೊರೊನಾ ಬಿಟ್ಟಿಲ್ವಾ’ ಅಂತ ನಗೋದು ಮಾತ್ರ ಇವತ್ತಿಗೂ ನಿಂತಿಲ್ಲ. ಒಬ್ಬರನ್ನು ನೋಡಿ ಇನ್ನೊಬ್ಬರು ಹಾಕುತ್ತಾರೆ ಅಂತಾದರೆ, ಆ ನಗು ನೋಡಿ ಹತ್ತು ಜನ ಬಿಡುತ್ತಾರೆ.

ಮುಂದಿನ ಸಲಕ್ಕೆ ಮಾಡಬಹುದಾದ ಒಂದು ಕೆಲಸ ತಾಲ್ಲೂಕು ಮಟ್ಟದಲ್ಲೇ ಇದೆ, ಅದಕ್ಕೆ ಬೆಂಗಳೂರಿನ ಆದೇಶ ಬೇಕಿಲ್ಲ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಜ್ವರ, ಕೆಮ್ಮು, ಭೇದಿಯ ಲೆಕ್ಕ ಸಮಗ್ರ ರೋಗ ಕಣ್ಗಾವಲು ಕಾರ್ಯಕ್ರಮದಡಿ ಮೇಲೆ ಹೋಗುತ್ತದೆ. ಆ ಲೆಕ್ಕ ಮೇಲೆ ಹೋದಷ್ಟು ಸಲೀಸಾಗಿ ಕೆಳಗೆ, ಅಂಗಡಿ ಬೀದಿಗೆ, ಬರುವುದಿಲ್ಲ. ಈ ವಾರ ಯಾವ ಹೋಬಳಿಯಲ್ಲಿ ಎಷ್ಟು ಜ್ವರ, ಹೋದ ವಾರಕ್ಕಿಂತ ಹೆಚ್ಚೋ ಕಡಿಮೆಯೋ ಅನ್ನುವ ನಾಲ್ಕು ಸಾಲು, ಯಾರ ಹೆಸರೂ ಓಣಿಯೂ ಇಲ್ಲದೆ, ಟಿಎಚ್‌ಒ ಕಚೇರಿಯಿಂದ ಬಸ್ ಸ್ಟ್ಯಾಂಡಿನ ಬೋರ್ಡ್‌ಗೆ, ವರ್ತಕರ ವಾಟ್ಸಾಪ್ ಗುಂಪಿಗೆ ವಾರಕ್ಕೊಮ್ಮೆ ಬಂದರೆ ಸಾಕು. ಮೂರು ವಾರ ಅಂಕಿ ಏರಿದರೆ ಹಗ್ಗ ಯಾವಾಗ ಕಟ್ಟಬೇಕು, ಗಲ್ಲಾದ ಪಕ್ಕ ಮಾಸ್ಕ್ ಡಬ್ಬಿ ಯಾವಾಗ ಇಡಬೇಕು ಅಂತ ಅಂಗಡಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದನ್ನು ಕೇಳಬೇಕಾದವರು ವರ್ತಕರ ಸಂಘದವರು, ಕೊಡಬೇಕಾದವರು ತಾಲ್ಲೂಕು ಆರೋಗ್ಯಾಧಿಕಾರಿ. ಎರಡು ಕಚೇರಿಗಳ ನಡುವೆ ಬಹುಪಾಲು ಊರುಗಳಲ್ಲಿ ಇರುವ ದೂರ ಒಂದು ಕಿಲೋಮೀಟರ್ ದಾಟುವುದಿಲ್ಲ.